ಸೈ-ಫೈ ಸಿನಿಮಾದ ಕೆಂಪು ದೀಪದ ಬೀದಿಯಲ್ಲಿ ದುಡಿಯುವವರು

1982ರ ‘ಬ್ಲೇಡ್ ರನ್ನರ್’ ಚಿತ್ರದಲ್ಲಿ ಒಂದು ಸುಳ್ಳು ಬರುತ್ತದೆ. ಆ ಚಿತ್ರವನ್ನು ನೋಡಿದಾಗಲೆಲ್ಲ ಅದರ ಮಳೆ, ಹೊಗೆ, ಸಂಗೀತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಸುಳ್ಳು.

ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಬೇರೆ ಗ್ರಹಗಳ ವಸಾಹತುಗಳಿಂದ ತಪ್ಪಿಸಿಕೊಂಡು ಬಂದ ಕೃತಕ ಮನುಷ್ಯರನ್ನು ಹುಡುಕಿ ಕೊಲ್ಲುವುದು ಡೆಕಾರ್ಡ್ ಎಂಬವನ ಕೆಲಸ. ಹಾಗೆ ತಪ್ಪಿಸಿಕೊಂಡವರಲ್ಲಿ ಜೋರಾ ಒಬ್ಬಳು. ಊರಿನ ಒಂದು ಬಾರಿನಲ್ಲಿ ಹಾವು ಸುತ್ತಿಕೊಂಡು ಕುಣಿದು ಹೊಟ್ಟೆ ಹೊರೆಯುತ್ತಿದ್ದಾಳೆ. ಅವಳ ಮೇಕಪ್ ಕೋಣೆಯೊಳಗೆ ಕಾಲಿಡಲು ಡೆಕಾರ್ಡ್ ವೇಷ ಹಾಕುತ್ತಾನೆ. ದನಿ ಬದಲಿಸಿ, ತಾನು ಕಲಾವಿದರ ಸಂಘದವನೆಂದು ಹೇಳಿಕೊಳ್ಳುತ್ತಾನೆ. ಈ ಕೆಲಸ ಗಿಟ್ಟಿಸಲು ನಿಮ್ಮಿಂದ ಏನಾದರೂ ಅಸಹ್ಯದ್ದನ್ನು ಮಾಡಿಸಿಕೊಂಡರೇ, ಯಾರಾದರೂ ನಿಮ್ಮನ್ನು ಶೋಷಿಸಿದರೇ ಎಂದು ಕೇಳುತ್ತಾನೆ. ಬಟ್ಟೆ ಬದಲಿಸುವುದನ್ನು ಇಣುಕಿ ನೋಡಲು ಗಂಡಸರು ಗೋಡೆಗೆ ತೂತು ಕೊರೆದಿರುತ್ತಾರೆ, ಅದನ್ನು ಪರೀಕ್ಷಿಸಬೇಕು ಎನ್ನುತ್ತಾನೆ. ಈ ಹಾವು ನಿಜವಾದದ್ದೇ ಎಂದು ವಿಚಾರಿಸುತ್ತಾನೆ. ನಿಜವಾದ ಹಾವು ಕೊಳ್ಳುವಷ್ಟು ದುಡ್ಡಿದ್ದಿದ್ದರೆ ಇಂಥ ಕಡೆ ಯಾಕೆ ಕೆಲಸ ಮಾಡುತ್ತಿದ್ದೆ ಎಂದು ಜೋರಾ ಮರುಪ್ರಶ್ನೆ ಹಾಕುತ್ತಾಳೆ.

ಆ ಬೀದಿಯಲ್ಲಿ ದುಡಿಯುವ ಹೆಂಗಸಿನ ಸಂಬಳ, ಸುರಕ್ಷತೆ, ಮಾನ ಇವುಗಳ ಬಗ್ಗೆ ಇಡೀ ಚಿತ್ರದಲ್ಲಿ ಯಾರಾದರೂ ವಿಚಾರಿಸುವುದು ಇದೊಂದೇ ಸಲ. ವಿಚಾರಿಸುವವನು ಅವಳನ್ನು ಕೊಲ್ಲಲು ಬಂದವನು. ಪ್ರಶ್ನೆಗಳೆಲ್ಲ ಸರಿಯಾಗಿಯೇ ಇವೆ, ಆದರೆ ಅವು ಕೊಲೆಗಾರನ ನೆಪಗಳು. ಇದಾಗಿ ಎರಡೇ ನಿಮಿಷದಲ್ಲಿ ಅವಳು ಪಾರದರ್ಶಕ ಮಳೆಯಂಗಿ ತೊಟ್ಟು ಜನಜಂಗುಳಿಯ ನಡುವೆ ಓಡುತ್ತಾಳೆ. ಬೆನ್ನಿಗೆ ಗುಂಡು ಬೀಳುತ್ತದೆ. ಅಂಗಡಿಯ ಗಾಜುಗಳನ್ನು ಒಂದಾದ ಮೇಲೊಂದು ಒಡೆದುಕೊಂಡು ಹೋಗಿ, ಬಟ್ಟೆ ಪ್ರದರ್ಶಿಸುವ ಗೊಂಬೆಗಳ ನಡುವೆ ಬೀಳುತ್ತಾಳೆ. ಕ್ಯಾಮೆರಾ ಇದನ್ನೆಲ್ಲ ನಿಧಾನಗತಿಯಲ್ಲಿ, ಸಾವೂ ಒಂದು ಕುಣಿತವೋ ಎಂಬಂತೆ ತೋರಿಸುತ್ತದೆ. ಮೂಲ ಚಿತ್ರದಲ್ಲಿ ಗಾಜು ಒಡೆದು ಬಿದ್ದ ದೇಹ ನಟಿ ಜೋನಾ ಕ್ಯಾಸಿಡಿ ಅವರದಲ್ಲ, ಸಾಹಸ ಕಲಾವಿದೆಯೊಬ್ಬರದು. ವಿಗ್ ಎದ್ದು ಕಾಣುತ್ತಿತ್ತು. 2007ರ ಅಂತಿಮ ಆವೃತ್ತಿಗಾಗಿ ಕ್ಯಾಸಿಡಿ ಅವರನ್ನು ಮತ್ತೆ ಕರೆಸಿ, ಚಿತ್ರೀಕರಿಸಿ, ಅವರ ಮುಖವನ್ನು ಆ ದೇಹಕ್ಕೆ ಜೋಡಿಸಿದರು. ಒಬ್ಬಳ ಮೈ, ಇನ್ನೊಬ್ಬಳ ಮುಖ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭವಿಷ್ಯದ ನಗರವನ್ನು ತೋರಿಸುವ ಸಿನಿಮಾಗಳಲ್ಲಿ ಕೆಂಪು ದೀಪದ ಬೀದಿ ಯಾಕೆ ಮತ್ತೆ ಮತ್ತೆ ಬರುತ್ತದೆ? ಭವಿಷ್ಯದಲ್ಲೂ ಗಂಡಸರು ಗಂಡಸರೇ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಸಾಲದು. ಮುಂದಿನ ಕಾಲದಲ್ಲಿ ಯಾರು ಯಾರಿಗಾಗಿ ದುಡಿಯುತ್ತಾರೆ, ಯಾರ ಮೈ ಯಾರ ಸ್ವತ್ತು ಎಂಬುದನ್ನು ಈ ಸಿನಿಮಾಗಳು ಬಿಚ್ಚಿ ತೋರಿಸುವುದು ಆ ಬೀದಿಯಲ್ಲಿ. ತೊಡಕು ಏನೆಂದರೆ, ಕಥೆ ಅಲ್ಲಿ ದುಡಿಯುವವರ ಕಡೆ ನಿಂತಾಗಲೂ ಬೆಳಕು ಗಿರಾಕಿಯ ಕಡೆ ನಿಂತಿರುತ್ತದೆ.

ಆ ಬೆಳಕಿನ ಹುಟ್ಟು ಹೀಗಿದೆ. ನಿಯಾನ್ ದೀಪವನ್ನು ಫ್ರಾನ್ಸಿನ ಜಾರ್ಜ್ ಕ್ಲೋದ್ 1910ರಲ್ಲಿ ಪ್ಯಾರಿಸ್‌ನ ಮೋಟಾರು ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ಗಾಜಿನ ಕೊಳವೆಯಲ್ಲಿ ಶುದ್ಧ ನಿಯಾನ್ ಅನಿಲ ತುಂಬಿ ವಿದ್ಯುತ್ ಹರಿಸಿದರೆ ಬರುವ ಬಣ್ಣ ಕಿತ್ತಳೆ ಬೆರೆತ ಕೆಂಪು. ನೀಲಿ ಬೇಕಿದ್ದರೆ ಆರ್ಗಾನ್ ಮತ್ತು ಪಾದರಸ ಬೇಕು. ಅಂದರೆ ನಿಯಾನ್ ಹುಟ್ಟಿದ್ದೇ ಕೆಂಪಾಗಿ. ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಕಟ್ಟುನಿಟ್ಟಿನ ನೀತಿಸಂಹಿತೆ ಇತ್ತು. ಮಂಚದ ಮೇಲೆ ನಡೆಯುವುದನ್ನು ತೋರಿಸುವಂತಿರಲಿಲ್ಲ. ಆ ಕಾಲದ ಕಪ್ಪು-ಬಿಳುಪು ಅಪರಾಧ ಚಿತ್ರಗಳು ಕಿಟಕಿಯಾಚೆ ಮಿನುಗಿ ಆರುವ ಹೋಟೆಲ್ ಬೋರ್ಡಿನಿಂದ, ಒದ್ದೆ ರಸ್ತೆಯಲ್ಲಿ ಹರಡಿದ ಬೆಳಕಿನಿಂದ ಅದೆಲ್ಲವನ್ನೂ ಹೇಳಲು ಕಲಿತವು. ‘ಬ್ಲೇಡ್ ರನ್ನರ್’ ಆ ನುಡಿಗಟ್ಟನ್ನೇ ಬಣ್ಣಕ್ಕೆ ತಂದಿತು.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ನಿರ್ದೇಶಕ ರಿಡ್ಲಿ ಸ್ಕಾಟ್ ಅವರ ತಂಡ ಈ ನಗರವನ್ನು ಕಟ್ಟಿದ್ದು ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿ ಹಿಂದಿನಿಂದ ಇದ್ದ ನ್ಯೂಯಾರ್ಕ್ ಬೀದಿಯ ಸೆಟ್ಟಿನ ಮೇಲೆ. ರಾತ್ರಿ, ಮಳೆ, ಹೊಗೆ ಮೂರೂ ಸೇರಿ ಅದು ಸೆಟ್ ಎಂಬುದನ್ನು ಮರೆಮಾಚಿದವು. ವಿನ್ಯಾಸಕಾರ ಸಿಡ್ ಮೀಡ್, ಕಲಾ ನಿರ್ದೇಶಕ ಲಾರೆನ್ಸ್ ಪಾಲ್, ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್ವೆತ್ ಸೇರಿ ಹಳೆಯ ಕಟ್ಟಡಗಳಿಗೆ ಪೈಪು, ತಂತಿ, ಬೋರ್ಡುಗಳನ್ನು ಹೊದಿಸಿದರು. ಇಡೀ ನಗರ ಕಟ್ಟುವಷ್ಟು ದುಡ್ಡಿಲ್ಲದಾಗ ಒಂದು ಬೀದಿ ಕಟ್ಟಬೇಕು, ಆ ಬೀದಿಯಲ್ಲಿ ಎಲ್ಲ ವರ್ಗದ ಜನ ಮೈಗೆ ಮೈ ತಾಗಿಸಿಕೊಂಡು ಓಡಾಡಬೇಕು. ದೇವಸ್ಥಾನದ ಬೀದಿಯಲ್ಲಾಗಲಿ ಬ್ಯಾಂಕಿನ ಬೀದಿಯಲ್ಲಾಗಲಿ ಇದು ಸಾಧ್ಯವಿಲ್ಲ. ಪೊಲೀಸ್, ಕಳ್ಳ, ಸಿರಿವಂತ, ಕೂಲಿಯವ, ಹೊರದೇಶದವ ಎಲ್ಲರೂ ರಾತ್ರಿ ಹೊತ್ತು ಬರುವ ಜಾಗ ಒಂದೇ.

ಕನ್ನಡದ ಓದುಗರಿಗೆ ಇದು ಹೊಸದಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯನ್ನು ಕಂಡು ಮನಸೋತ ಅರ್ಜುನ ಬೆಳದಿಂಗಳ ರಾತ್ರಿ ದ್ವಾರಾವತಿಯಲ್ಲಿ ಅಲೆಯುತ್ತಾನೆ. ದಾರಿಯಲ್ಲಿ ಸೂಳೆಗೇರಿ ಬರುತ್ತದೆ, ಕಳ್ಳು ಕುಡಿಯುವವರು ಬರುತ್ತಾರೆ. ಮಳೆಯ ಬದಲು ಬೆಳದಿಂಗಳು, ಅಷ್ಟೇ ವ್ಯತ್ಯಾಸ. ಒಂಟಿ ನಾಯಕ, ನಿದ್ದೆಗೆಟ್ಟ ರಾತ್ರಿ, ಆಸೆಯ ಬೀದಿ, ಇದು ಸಾವಿರ ವರ್ಷ ಹಳೆಯ ದೃಶ್ಯ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಂಥ ಬೀದಿಯ ಸೊಗಸನ್ನು ಬಣ್ಣಿಸುವುದರ ಜೊತೆಗೆ ಕವಿಗಳು ಹೇಳದ ಒಂದು ಸಂಗತಿಯನ್ನೂ ದಾಖಲಿಸಿದ. ನಗರದ ಕಾವಲು ಪಡೆಯ ಸಂಬಳ ಬರುತ್ತಿದ್ದುದು ಆ ಬೀದಿಯ ತೆರಿಗೆಯಿಂದ. ಹಂಪಿಗೆ ಹೋದವರು ಅಚ್ಯುತರಾಯನ ಗುಡಿಯ ಮುಂದೆ ಸೂಳೆ ಬಜಾರಿನ ಕಲ್ಲುಕಂಬಗಳ ಸಾಲನ್ನು ನೋಡಿರುತ್ತಾರೆ. ಬೀದಿಯ ಸೊಗಸನ್ನು ಬರೆದವರು ಬಹಳ ಮಂದಿ, ಅಲ್ಲಿಂದ ದುಡ್ಡು ಎತ್ತ ಹರಿಯಿತು ಎಂದು ಬರೆದವರು ಕಡಿಮೆ. ಸಿನಿಮಾದಲ್ಲೂ ಹಾಗೆಯೇ ಆಗಿದೆ.

ಸೈ-ಫೈ ಸಿನಿಮಾಕ್ಕೆ ಈ ಬೀದಿ ಬಂದದ್ದು 1927ರಲ್ಲಿ, ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ ಮೂಲಕ. ಅಲ್ಲಿ ಸಿರಿವಂತರ ರಾತ್ರಿಯ ವಿಲಾಸಕೇಂದ್ರದ ಹೆಸರು ಯೋಶಿವಾರ. ಅದು ಕಲ್ಪನೆಯ ಹೆಸರಲ್ಲ. ಇಂದಿನ ಟೋಕಿಯೊ ಇನ್ನೂ ಎಡೊ ಆಗಿದ್ದಾಗ, 1617ರಲ್ಲಿ ಸರ್ಕಾರದ ಅಪ್ಪಣೆಯಿಂದಲೇ ಹುಟ್ಟಿದ ವೇಶ್ಯಾವಾಟಿಕೆ ಅದು. 1657ರ ಮಹಾ ಬೆಂಕಿಯ ನಂತರ ಊರಾಚೆಗೆ ಸ್ಥಳಾಂತರವಾಯಿತು. ಸುತ್ತಲೂ ಕಂದಕ, ಒಳಹೊಕ್ಕು ಹೊರಬರಲು ಒಂದೇ ಮಹಾದ್ವಾರ. ಸಾಲಕ್ಕೆ ಮಾರಲ್ಪಟ್ಟ ಹುಡುಗಿಯರು ಅದನ್ನು ದಾಟುವಂತಿರಲಿಲ್ಲ. ಜಪಾನಿನ ಸಂಸತ್ತು 1956ರಲ್ಲಿ ವೇಶ್ಯಾವೃತ್ತಿ ವಿರೋಧಿ ಕಾಯ್ದೆ ತಂದು, 1958ರಲ್ಲಿ ಅದು ಪೂರ್ತಿ ಜಾರಿಯಾದಾಗ ಯೋಶಿವಾರದ ಸನ್ನದು ಕೊನೆಗೊಂಡಿತು. ಭಾರತದ ಅನೈತಿಕ ವ್ಯಾಪಾರ ತಡೆ ಕಾಯ್ದೆಯೂ ಅದೇ 1956ರದು.

ಬರ್ಲಿನ್‌ನ ಚಿತ್ರತಂಡ ಈ ಕಂದಕವನ್ನೂ ಸಾಲವನ್ನೂ ಬಿಟ್ಟು ಹೆಸರಿನ ಮಾದಕತೆಯನ್ನು ಮಾತ್ರ ಎತ್ತಿಕೊಂಡಿತು. ಚಿತ್ರಕಥೆ ಥಿಯಾ ಫಾನ್ ಹಾರ್ಬೊ ಅವರದು, ಲಾಂಗ್ ಅವರ ಆಗಿನ ಹೆಂಡತಿ. (ಅವರ ಬದುಕಿನ ಒಂದು ಎಳೆ ನಮ್ಮ ನೆಲಕ್ಕೂ ಬಂದು ಮುಟ್ಟುತ್ತದೆ. ಲಾಂಗ್ ಅವರಿಂದ ಬೇರೆಯಾದ ಮೇಲೆ ಅವರು ಗುಟ್ಟಾಗಿ ಮದುವೆಯಾದ ಪತ್ರಕರ್ತ ಆಯಿ ತೆಂಡೂಲ್ಕರ್ ಬೆಳಗಾವಿ ಹತ್ತಿರದ ಬೆಳಗುಂದಿಯವರು. ನಾಜಿ ಆಡಳಿತದಲ್ಲಿ ಈ ಸಂಬಂಧವನ್ನು ಬಯಲಿಗೆ ತರುವಂತಿರಲಿಲ್ಲ. ಅದೇ ಫಾನ್ ಹಾರ್ಬೊ ಮುಂದೆ ನಾಜಿ ಪಕ್ಷವನ್ನೂ ಸೇರಿದರು.) ಚಿತ್ರದಲ್ಲಿ ಮರಿಯಾ ಎಂಬ ಕಾರ್ಮಿಕರ ನಾಯಕಿಯ ರೂಪವನ್ನು ಒಂದು ಯಂತ್ರಕ್ಕೆ ಹೊದಿಸುತ್ತಾರೆ. ಇಲ್ಲೂ ಒಬ್ಬಳ ಮುಖ, ಇನ್ನೊಂದರ ಮೈ. ಯಂತ್ರದ ಮರಿಯಾ ಸಿರಿವಂತ ಗಂಡಸರ ಮುಂದೆ ಅರೆಬೆತ್ತಲಾಗಿ ಕುಣಿಯುತ್ತಾಳೆ. ಅವಳಿಗಾಗಿ ಅವರು ಹೊಡೆದಾಡಿ ಸಾಯುತ್ತಾರೆ. ಅವಳೇ ನೆಲದಡಿಯ ಕಾರ್ಮಿಕರನ್ನು ದಂಗೆಗೂ ಎಬ್ಬಿಸುತ್ತಾಳೆ. ಕಾಮ ಮತ್ತು ದಂಗೆ, ಸಿರಿವಂತರಿಗಿದ್ದ ಎರಡು ಭಯಗಳು ಒಂದೇ ಹೆಣ್ಣುರೂಪದಲ್ಲಿ ಬಂದು ಕೂತವು. ಕೊನೆಗೆ ಜನ ಅವಳನ್ನು ಕಟ್ಟಿಗೆ ರಾಶಿಯ ಮೇಲೆ ಸುಡುತ್ತಾರೆ, ಚರ್ಮ ಕರಗಿ ಲೋಹ ಕಾಣುತ್ತದೆ.

ಅಲ್ಲಿಂದ ಮುಂದೆ ಈ ಬೀದಿಯ ಹೆಣ್ಣುರೂಪಗಳು ಎಲ್ಲರ ಕಣ್ಣೆದುರೇ ನಾಶವಾಗುವುದು ಒಂದು ವಾಡಿಕೆಯಾಯಿತು. ‘ಬ್ಲೇಡ್ ರನ್ನರ್’ನಲ್ಲಿ ಜೋರಾ ಆದ ಮೇಲೆ ಪ್ರಿಸ್. ಪೊಲೀಸ್ ಕಡತದಲ್ಲಿ ಪ್ರಿಸ್‌ಳ ಪರಿಚಯ ಇರುವುದು ಸೈನಿಕರ ಕ್ಲಬ್ಬುಗಳಿಗೆ ತಯಾರಾದ ಮಾಮೂಲಿ ಸುಖದ ಮಾದರಿ ಎಂದು. ಅವಳ ಜೊತೆಗಾರರಲ್ಲಿ ಒಬ್ಬ ಮದ್ದುಗುಂಡು ತುಂಬುವವನು, ಇನ್ನೊಬ್ಬ, ರಾಯ್, ಯುದ್ಧಕ್ಕೆಂದು ಮಾಡಿದವನು. ಎಲ್ಲರ ಆಯಸ್ಸೂ ನಾಲ್ಕು ವರ್ಷ. ಈ ವಿವರವನ್ನು ನಾನು ಚಿತ್ರದ ಬೆಲೆಬಾಳುವ ಒಳನೋಟ ಎಂದು ಎಣಿಸುತ್ತೇನೆ, ಏಕೆಂದರೆ ಹಾಸಿಗೆಯ ದುಡಿಮೆಯನ್ನೂ ಹೊರೆ ಹೊರುವ ದುಡಿಮೆಯನ್ನೂ ಅದು ಒಂದೇ ಕಡತದಲ್ಲಿ, ಒಂದೇ ಗುಲಾಮಗಿರಿಯ ಬಗೆಗಳಾಗಿ ಇಡುತ್ತದೆ. ಕಡತ ಹಾಗೆ ಹೇಳುತ್ತದೆ. ಕ್ಯಾಮೆರಾ ಮಾತ್ರ ಗಂಡಾಳುಗಳ ಮಾತು ಕೇಳಿಸಿಕೊಳ್ಳುತ್ತದೆ, ಹೆಣ್ಣಾಳುಗಳ ಮೈ ನೋಡುತ್ತದೆ. ರಾಯ್‌ಗೆ ಸಾಯುವ ಮುನ್ನ ಕವಿತೆಯಂಥ ಮಾತಿದೆ. ಜೋರಾಳಿಗೆ ಸಾಯುವಾಗ ಒಂದು ಪದವೂ ಇಲ್ಲ. ಡೆಕಾರ್ಡ್ ಬಾಗಿಲಿಗೆ ಅಡ್ಡ ನಿಂತು ರೇಚಲ್ ಎಂಬ ಕೃತಕ ಹೆಣ್ಣನ್ನು ತಳ್ಳಿ, ತನಗೆ ಬೇಕಾದ ಮಾತನ್ನು ಅವಳ ಬಾಯಿಂದ ಹೇಳಿಸುವ ದೃಶ್ಯಕ್ಕೆ ಪ್ರೇಮಗೀತೆಯಂಥ ಸಂಗೀತ ಹಾಕಿದ್ದಾರೆ. ಅದನ್ನು ಪ್ರೇಮ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ.

1973ರ ‘ಸಾಯ್ಲೆಂಟ್ ಗ್ರೀನ್’ ಈ ವಿಷಯದಲ್ಲಿ ಹೆಚ್ಚು ನೇರ. 2022ರ ನ್ಯೂಯಾರ್ಕ್‌ನಲ್ಲಿ ಸಿರಿವಂತರ ಮನೆ ಬಾಡಿಗೆಗೆ ಸಿಕ್ಕರೆ ಅದರ ಜೊತೆ ಒಬ್ಬ ಹುಡುಗಿಯೂ ಸಿಗುತ್ತಾಳೆ, ಅವಳನ್ನು ಕರೆಯುವುದೇ ‘ಪೀಠೋಪಕರಣ’ ಎಂದು. ನಿಯಾನ್ ಬೇಕಾಗಿಲ್ಲ, ಬಾಡಿಗೆ ಕರಾರು ಸಾಕು. 1990ರ ‘ಟೋಟಲ್ ರಿಕಾಲ್’ನಲ್ಲಿ ಮಂಗಳ ಗ್ರಹದ ವೀನಸ್‌ವಿಲ್ ಎಂಬ ಕೇರಿಯಿದೆ. ಜನರಿಗೆ ನೆನಪಿರುವುದು ಮೂರು ಸ್ತನಗಳ ಹೆಂಗಸು. ಆ ಮೈಗಳು ಹಾಗಾದದ್ದು ಯಾಕೆಂಬುದನ್ನು ಚಿತ್ರವೇ ಹೇಳುತ್ತದೆ. ಕಂಪನಿ ಅಗ್ಗದ ಗುಮ್ಮಟ ಕಟ್ಟಿತು, ವಿಕಿರಣ ಒಳಗೆ ಸೋರಿತು. ಆ ಕೇರಿ ದಂಗೆಯ ನೆಲೆಯೆಂದು ತಿಳಿದಾಗ ಒಡೆಯ ಅಲ್ಲಿನ ಗಾಳಿ ಪೂರೈಕೆಯನ್ನೇ ನಿಲ್ಲಿಸುತ್ತಾನೆ. ಕೇರಿಯ ಹೆಂಗಸರು ಉಸಿರಿಲ್ಲದೆ ನೆಲಕ್ಕೊರಗುವ ಆ ದೃಶ್ಯ ಪೋಸ್ಟರುಗಳಲ್ಲಿ ಎಂದೂ ಬರಲಿಲ್ಲ.

1980ರ ದಶಕದಿಂದ ಭವಿಷ್ಯದ ಕೆಂಪು ಬೀದಿಗೆ ಪೂರ್ವ ಏಷ್ಯಾದ ಅಕ್ಷರಗಳು ಅಂಟಿಕೊಂಡವು. ಜಪಾನಿನ ಆರ್ಥಿಕತೆ ಅಮೆರಿಕವನ್ನು ಹಿಂದಿಕ್ಕುತ್ತದೆಂಬ ಭಯದ ಕಾಲ ಅದು. ಟೋಕಿಯೊದ ಕಾಬುಕಿಚೊ, ಹಾಂಗ್‌ಕಾಂಗ್‌ನ ಕೌಲೂನ್ ಬೀದಿಗಳ ಬೋರ್ಡುಗಳು ಅರ್ಥ ತಿಳಿಯದ ಪ್ರೇಕ್ಷಕನಿಗೆ ಬರೀ ಬಣ್ಣವಾಗಿ ಕಂಡವು. ಔಷಧದ ಅಂಗಡಿಯ ಬೋರ್ಡೂ ಪಾಪದ ಬೋರ್ಡಿನಂತೆ ತೋರಿತು. ಬೇರೆಯವರ ಲಿಪಿಯನ್ನೇ ಕಾಮದ ಅಲಂಕಾರ ಮಾಡಿದ ಈ ಚಾಳಿ ಯೋಶಿವಾರದ ಹೆಸರನ್ನು ಎತ್ತಿಕೊಂಡ ಬರ್ಲಿನ್‌ನಲ್ಲೇ ಶುರುವಾಗಿತ್ತು.

ಜಪಾನಿನ ಮಮೊರು ಒಶಿಯಿ ಈ ಬೀದಿಯೊಳಗೆ ಇನ್ನೊಂದು ಬಾಗಿಲಿನಿಂದ ಹೊಕ್ಕರು. ಅವರ 1995ರ ‘ಘೋಸ್ಟ್ ಇನ್ ದ ಶೆಲ್’ ಹಾಂಗ್‌ಕಾಂಗ್ ಮಾದರಿಯ ನಗರವನ್ನು ಹಗಲಿನಲ್ಲಿ, ಕಾಲುವೆಗಳ ಮೇಲಿಂದ, ಅವಸರವಿಲ್ಲದೆ ನೋಡುತ್ತಾ ಕೂರುತ್ತದೆ. 2004ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋದ ಅದರ ಮುಂದಿನ ಭಾಗ ‘ಇನೊಸೆನ್ಸ್’ ಅನ್ನು ಈ ವಿಷಯದ ಬಗ್ಗೆ ಬಂದ ಅತ್ಯಂತ ಮುಖ್ಯ ಚಿತ್ರ ಎನ್ನಲು ನನಗೆ ಸಂಕೋಚವಿಲ್ಲ. ಹೆಣ್ಣು ರೂಪದ ಸುಖದ ಗೊಂಬೆಗಳು ತಮ್ಮ ಮಾಲೀಕರನ್ನು ಕೊಲ್ಲತೊಡಗುತ್ತವೆ. ತನಿಖೆಗೆ ಹೊರಟ ಪೊಲೀಸರಿಗೆ ಕೊನೆಯಲ್ಲಿ ಸಿಗುವ ಉತ್ತರ ಇದು. ಗೊಂಬೆಗಳು ಅಷ್ಟು ಜೀವಂತ ಅನ್ನಿಸಲು ಕಾರಣ, ಅಪಹರಿಸಿ ತಂದ ಹುಡುಗಿಯರ ಚೇತನವನ್ನು ಅವುಗಳೊಳಗೆ ನಕಲು ಮಾಡಿರುವುದು. ಈ ನಕಲಿನಲ್ಲಿ ಮೂಲ ಚೇತನ ಸವೆದುಹೋಗುತ್ತದೆ. ಹೊರಗಿನವರ ಗಮನ ಸೆಳೆಯಲೆಂದೇ ಒಳಗಿನವರು ಗೊಂಬೆಗಳ ನೀತಿನಿಯಮವನ್ನು ಕೆಡಿಸಿದ್ದರು. ಬದುಕುಳಿದ ಹುಡುಗಿ ಅಳುತ್ತಾ ತಾನು ಗೊಂಬೆಯಾಗಲು ಬಯಸಲಿಲ್ಲ ಎನ್ನುತ್ತಾಳೆ. ಹಾಗಾದರೆ ಕೊಲೆಗಾರರಾಗಬೇಕಾದ ಗೊಂಬೆಗಳ ಪಾಡೇನು ಎಂದು ಪೊಲೀಸ್ ಬಾಟೊ ಸಿಟ್ಟಾಗುತ್ತಾನೆ. ಚಿತ್ರ ಇಬ್ಬರ ಮಾತನ್ನೂ ನಿಲ್ಲಿಸಿ ತೂಗುತ್ತದೆ, ಒಂದನ್ನೂ ತಳ್ಳಿಹಾಕುವುದಿಲ್ಲ.

ಈ ಕಥೆ ಇಂದು ದೂರದ ಕಲ್ಪನೆಯಾಗಿ ಉಳಿದಿಲ್ಲ. ಕೆಂಪು ದೀಪದ ಬೀದಿ ಈಗ ಬೀದಿಯಲ್ಲಿಲ್ಲ, ಅಂಗೈಯ ಪರದೆಗೆ ಬಂದಿದೆ. 2013ರ ‘ಹರ್’ ಚಿತ್ರದಲ್ಲಿ ಒಬ್ಬ ಒಂಟಿ ಗಂಡಸು ಕಂಪ್ಯೂಟರಿನ ಹೆಣ್ಣುದನಿಯನ್ನು ಪ್ರೀತಿಸಿದ. ಹತ್ತು ವರ್ಷ ಕಳೆಯುವುದರೊಳಗೆ ಅದು ಮಾರುಕಟ್ಟೆಯ ಸರಕಾಯಿತು. 2023ರ ಫೆಬ್ರುವರಿಯಲ್ಲಿ ಇಟಲಿಯ ದತ್ತಾಂಶ ರಕ್ಷಣಾ ಸಂಸ್ಥೆ ರೆಪ್ಲಿಕಾ ಎಂಬ ಸಂಗಾತಿ ಆ್ಯಪ್ ಮೇಲೆ ಕ್ರಮ ಕೈಗೊಂಡಿತು. ಆ್ಯಪ್‌ನಿಂದ ಕಾಮದ ಸಂಭಾಷಣೆ ಇದ್ದಕ್ಕಿದ್ದಂತೆ ಮಾಯವಾದಾಗ ಬಳಕೆದಾರರು ಸಂಗಾತಿಯನ್ನೇ ಕಳೆದುಕೊಂಡವರಂತೆ ದುಃಖಿಸಿದರು. ಮಾರ್ಚ್‌ನಲ್ಲಿ ಹಳೆಯ ಬಳಕೆದಾರರಿಗೆ ಕಂಪನಿ ಅದನ್ನು ಮರಳಿಸಿತು. ಆ ದುಃಖವನ್ನು ಹಗುರವಾಗಿ ಕಾಣಬಾರದು, ಒಂಟಿತನ ನಿಜವಾದ ನೋವು. 2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಯ ಒಂದು ದನಿಯನ್ನು ಹಿಂತೆಗೆದುಕೊಳ್ಳಬೇಕಾಯಿತು, ಅದು ತಮ್ಮ ದನಿಯನ್ನು ಹೋಲುತ್ತದೆ ಎಂದು ‘ಹರ್’ ಚಿತ್ರದಲ್ಲಿ ದನಿ ನೀಡಿದ್ದ ಸ್ಕಾರ್ಲೆಟ್ ಜೊಹಾನ್ಸನ್ ಅವರೇ ಆಕ್ಷೇಪಿಸಿದ್ದರು. 2025ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ಮುಖ್ಯಸ್ಥ, ವಯಸ್ಸು ಖಚಿತಪಡಿಸಿದ ವಯಸ್ಕರಿಗೆ ಶೃಂಗಾರದ ಬರಹಕ್ಕೂ ಅವಕಾಶ ಕೊಡುವ ಯೋಜನೆಯನ್ನು ಪ್ರಕಟಿಸಿದರು.

ಈ ಗೊಂಬೆಗಳೊಳಗೂ ಮನುಷ್ಯರಿದ್ದಾರೆ. ಯಂತ್ರಕ್ಕೆ ಕೊಳಕು ಯಾವುದೆಂದು ಕಲಿಸಲು ಕೀನ್ಯಾದ ಕೆಲಸಗಾರರು ಮಕ್ಕಳ ಮೇಲಿನ ಲೈಂಗಿಕ ಹಿಂಸೆಯ ವಿವರಗಳನ್ನೂ ಓದಿ ಗುರುತು ಹಾಕಬೇಕಾಯಿತು, ಅವರ ಕೈಗೆ ಸಿಗುತ್ತಿದ್ದುದು ಗಂಟೆಗೆ 2 ಡಾಲರಿಗೂ ಕಡಿಮೆ ಎಂದು ‘ಟೈಮ್’ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ಓದಿ ನಿದ್ದೆ ಕಳೆದುಕೊಂಡವರು, ಮನಸ್ಸು ಕದಡಿಹೋದವರು ಅವರಲ್ಲಿದ್ದರು. ಗೊಂಬೆ ನಯವಾಗಿ ಮಾತಾಡಲು ಯಾರದೋ ಚೇತನ ಸವೆಯಬೇಕು ಎಂಬ ಒಶಿಯಿ ಅವರ ಕಲ್ಪನೆಗೆ ಇದಕ್ಕಿಂತ ಹತ್ತಿರದ ವಾಸ್ತವ ಬೇಕೇ? ಇನ್ನೊಂದು ಕಡೆ, ನಟಿಯರಿಂದ ಹಿಡಿದು ಶಾಲೆಯ ಹುಡುಗಿಯರವರೆಗೆ ಯಾರದೇ ಮುಖವನ್ನು ಇನ್ಯಾರದೋ ಬೆತ್ತಲೆ ಮೈಗೆ ಅಂಟಿಸುವ ಡೀಪ್‌ಫೇಕ್ ನಮ್ಮ ಊರುಗಳಿಗೂ ಬಂದಿದೆ. ಒಬ್ಬಳ ಮೈ, ಇನ್ನೊಬ್ಬಳ ಮುಖ. ಜೋನಾ ಕ್ಯಾಸಿಡಿ ತಮ್ಮ ಮುಖವನ್ನು ಒಪ್ಪಿಗೆಯಿಂದ, ಸ್ವತಃ ಬಂದು ನಿಂತು ಕೊಟ್ಟಿದ್ದರು. ಎರಡಕ್ಕೂ ನಡುವಿನ ಅಂತರ ತಂತ್ರಜ್ಞಾನದ್ದಲ್ಲ, ಒಪ್ಪಿಗೆಯದು.

ಪರದೆಯ ಮೇಲೆ ಬಣ್ಣ ಹೀಗೆ ಹೆಚ್ಚುತ್ತಿರುವ ಹೊತ್ತಿಗೇ ನಿಜವಾದ ಬೀದಿಗಳು ಖಾಲಿಯಾಗುತ್ತಿವೆ. ಹಾಂಗ್‌ಕಾಂಗ್‌ನಲ್ಲಿ ಕಟ್ಟಡ ಸುರಕ್ಷತಾ ನಿಯಮಗಳಡಿ ಸಾವಿರಾರು ಬೋರ್ಡುಗಳು ಇಳಿದವು, ಕೆಲವು ನಿಯಾನ್ ಬೋರ್ಡುಗಳು ಎಂ ಪ್ಲಸ್ ವಸ್ತುಸಂಗ್ರಹಾಲಯ ಸೇರಿವೆ. ಆಮ್‌ಸ್ಟರ್‌ಡ್ಯಾಮ್‌ನ ನಗರಾಡಳಿತ 2007ರ ಸುಮಾರಿಗೆ ಶುರುಮಾಡಿದ 1012 ಯೋಜನೆಯಡಿ ಲೈಂಗಿಕ ಕಾರ್ಯಕರ್ತೆಯರು ಗಿರಾಕಿಗಳಿಗಾಗಿ ನಿಲ್ಲುವ ನೂರಕ್ಕೂ ಹೆಚ್ಚು ಕಿಟಕಿಗಳನ್ನು ಮುಚ್ಚಿಸಿತು. ಈಗ ಉಳಿದವರಲ್ಲಿ ಹಲವರನ್ನು ಊರ ದಕ್ಷಿಣಕ್ಕೆ ಸಾಗಿಸುವ ಮಾತು ನಡೆದಿದೆ. ಅಲ್ಲಿನ ಲೈಂಗಿಕ ಕಾರ್ಯಕರ್ತೆಯರು 2023ರಲ್ಲಿ ಇದನ್ನು ವಿರೋಧಿಸಿ ಮೆರವಣಿಗೆ ಮಾಡಿದರು. ಪ್ರವಾಸಿಗರ ಗದ್ದಲಕ್ಕೆ ನಮ್ಮನ್ನೇಕೆ ಓಡಿಸುತ್ತೀರಿ ಎಂಬುದು ಅವರ ಪ್ರಶ್ನೆಯ ತಿರುಳು. ಬಣ್ಣ ಎಲ್ಲರಿಗೂ ಬೇಕು, ಫೋನಿನ ವಾಲ್‌ಪೇಪರಿಗೆ, ಪಬ್ಬಿನ ಗೋಡೆಗೆ, ವಿಡಿಯೊ ಗೇಮಿಗೆ. ಆ ಬಣ್ಣದಡಿ ನಿಂತಿದ್ದವರು ಬೇಡ.

ಮುಂಬೈನ ಕಾಮಾಟಿಪುರವೂ ಪುನರಭಿವೃದ್ಧಿಯ ಹಾದಿಯಲ್ಲಿದೆ. ಆ ಗಲ್ಲಿಗಳಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಿಂದ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಸೇರಿದರು, ಬಹುತೇಕರು ದಲಿತ ಮನೆಗಳವರು. ‘ಬ್ಲೇಡ್ ರನ್ನರ್’ ಬಂದ 1982ರಲ್ಲೇ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಗಡಿಯಾಚೆ ಸಾಂಗ್ಲಿಯಲ್ಲಿ 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಹುಟ್ಟಿದಾಗ ಅದರೊಳಗೂ ಕನ್ನಡ ಮಾತಾಡುವ ಹೆಂಗಸರಿದ್ದರು. ಡೆಕಾರ್ಡ್ ನೆಪಕ್ಕೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಆ ಹೆಂಗಸರೇ, ತಮ್ಮದೇ ಸಂಘ ಕಟ್ಟಿಕೊಂಡು, ಪೊಲೀಸರನ್ನೂ ಸರ್ಕಾರವನ್ನೂ ಕೇಳಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ, ಲೈಂಗಿಕ ಕಾರ್ಯಕರ್ತೆಯರಿಗೂ ಘನತೆಯ ಬದುಕಿನ ಹಕ್ಕಿದೆ, ಪೊಲೀಸರು ಅವರನ್ನು ಗೌರವದಿಂದ ನಡೆಸಿಕೊಳ್ಳಬೇಕು ಎಂದು ನಿರ್ದೇಶನ ಕೊಟ್ಟಿತು.

ಸಿನಿಮಾ ಈ ಕೇರಿಯನ್ನು ಬೇರೆ ಬಗೆಯಲ್ಲಿ ತೋರಿಸಲು ಸಾಧ್ಯವಿತ್ತೇ? ಸಾಧ್ಯವಿತ್ತು. ‘ಬ್ಲೇಡ್ ರನ್ನರ್’ ಬಂದ ಮರುವರ್ಷವೇ, 1983ರಲ್ಲಿ, ಲಿಝಿ ಬೋರ್ಡನ್ ಅವರ ‘ಬಾರ್ನ್ ಇನ್ ಫ್ಲೇಮ್ಸ್’ ಬಂತು. ಅದೂ ಭವಿಷ್ಯದ ಕಥೆಯೇ. ಅಮೆರಿಕದಲ್ಲಿ ಶಾಂತಿಯುತ ಸಮಾಜವಾದಿ ಕ್ರಾಂತಿ ಆಗಿ ಹತ್ತು ವರ್ಷ ಕಳೆದಿದೆ, ಹೆಂಗಸರ ಪಾಡು ಮಾತ್ರ ಬದಲಾಗಿಲ್ಲ. ದೊಡ್ಡ ಸೆಟ್ಟಿಲ್ಲ, ಕೃತಕ ಮಳೆಯಿಲ್ಲ, ನಿಜವಾದ ನ್ಯೂಯಾರ್ಕ್‌ನ ಬೀದಿಗಳಲ್ಲಿ ಸಣ್ಣ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಚಿತ್ರೀಕರಿಸಿದ್ದು. ಅದರಲ್ಲಿ ಒಂದು ಸಣ್ಣ ದೃಶ್ಯಮಾಲೆಯಿದೆ. ಹೆಂಗಸರ ಕೈಗಳು ಮಾತ್ರ ಕಾಣುತ್ತವೆ. ಕೋಳಿ ಮಾಂಸವನ್ನು ಪೊಟ್ಟಣ ಕಟ್ಟುವ ಕೈ. ಇನ್ನೂ ಹಲವು ಕೆಲಸಗಳಲ್ಲಿ ತೊಡಗಿದ ಕೈಗಳು. ಅವುಗಳ ನಡುವೆಯೇ, ಅದೇ ಲಯದಲ್ಲಿ, ಗಿರಾಕಿಗೆ ಕಾಂಡೋಮ್ ತೊಡಿಸುವ ಕೈ. ಅಷ್ಟೇ, ಮುಂದಿನ ಕೆಲಸಕ್ಕೆ ಚಿತ್ರ ಸಾಗುತ್ತದೆ. ಮುಖವಿಲ್ಲ, ಮೈಯಿಲ್ಲ, ಗುಲಾಬಿ ಬೆಳಕಿಲ್ಲ. ಮಾದಕವೂ ಅಲ್ಲ, ಅಸಹ್ಯವೂ ಅಲ್ಲ, ಕೆಲಸ. ಮೂರು ವರ್ಷದ ನಂತರ ಬೋರ್ಡನ್ ಮ್ಯಾನ್‌ಹ್ಯಾಟನ್‌ನ ಒಂದು ವೇಶ್ಯಾಗೃಹದ ಒಂದು ದಿನದ ಪಾಳಿಯ ಬಗ್ಗೆ ‘ವರ್ಕಿಂಗ್ ಗರ್ಲ್ಸ್’ ಎಂಬ ಇಡೀ ಚಿತ್ರವನ್ನೇ ಮಾಡಿದರು. ಟವೆಲ್ ಮಡಿಸುವುದು, ಲೆಕ್ಕ ಬರೆಯುವುದು, ಊಟ ತರಿಸುವುದು, ಒಡತಿ ಹೆಚ್ಚು ಹೊತ್ತು ದುಡಿಸಿಕೊಳ್ಳುವುದು. ಆ ಕೈಗಳ ದೃಶ್ಯ ಕೆಲವೇ ಸೆಕೆಂಡುಗಳದು. ನಾನು ನೋಡಿದ ಎಷ್ಟೋ ನಿಯಾನ್ ಬೀದಿಗಳು ಮರೆತುಹೋಗಿವೆ, ಈ ಕೈಗಳು ಮರೆತಿಲ್ಲ.

2017ರ ‘ಬ್ಲೇಡ್ ರನ್ನರ್ 2049’ರ ಹೊತ್ತಿಗೆ ದೊಡ್ಡ ಬಜೆಟ್ಟಿನ ಸಿನಿಮಾಕ್ಕೂ ಈ ಪ್ರಶ್ನೆ ತಟ್ಟಿತ್ತು. ರೋಜರ್ ಡೀಕಿನ್ಸ್ ಅವರಿಗೆ ಆಸ್ಕರ್ ತಂದ ಆ ಛಾಯಾಗ್ರಹಣದಲ್ಲಿ ಗುಲಾಬಿ ಬಣ್ಣದ ಬೆತ್ತಲೆ ಹೆಣ್ಣಿನ ಬೃಹತ್ ಜಾಹೀರಾತು ಬಗ್ಗಿ ನಾಯಕನ ಜೊತೆ ಮಾತಾಡುತ್ತದೆ. ಮಾರಾಟಕ್ಕಿರುವುದು ಜಾಯ್ ಎಂಬ ಬೆಳಕಿನ ಸಂಗಾತಿ. ನಾಯಕನ ಮನೆಯಲ್ಲೂ ಒಬ್ಬಳು ಜಾಯ್ ಇದ್ದಳು, ಅವನಿಗೆ ಜೋ ಎಂದು ಪ್ರೀತಿಯ ಹೆಸರಿಟ್ಟಿದ್ದಳು. ಜಾಹೀರಾತಿನ ಹೆಣ್ಣೂ ಅವನನ್ನು ಜೋ ಎಂದೇ ಕರೆಯುತ್ತಾಳೆ. ಅವನಿಗಷ್ಟೇ ಎಂದುಕೊಂಡದ್ದು ಎಲ್ಲ ಗಿರಾಕಿಗಳಿಗೂ ಸಿಗುವ ಮಾತಾಗಿತ್ತು. ಅವನ ಮುಖದಲ್ಲಿ ಆಗ ಮೂಡುವ ಖಾಲಿತನವನ್ನು ರೆಪ್ಲಿಕಾ ಕಳೆದುಕೊಂಡವರು ಬಲ್ಲರು. ಹಾಗಂತ ಈ ಚಿತ್ರವೂ ತನ್ನ ಹೆಂಗಸರನ್ನು ಬೆತ್ತಲಾಗಿಸಿ ನೋಡುವುದನ್ನು ಬಿಟ್ಟಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಆದರೂ ಅದರಲ್ಲಿ ಮರಿಯೆಟ್ ಎಂಬವಳಿದ್ದಾಳೆ. ಬೀದಿಯಲ್ಲಿ ದುಡಿಯುವ ಕೃತಕ ಮನುಷ್ಯಳು. ಮೈಯಿಲ್ಲದ ಜಾಯ್, ಒಂದು ರಾತ್ರಿ ನಾಯಕನ ಜೊತೆ ಇರಲು ಮರಿಯೆಟ್‌ಳನ್ನು ಬಾಡಿಗೆಗೆ ಕರೆಸುತ್ತಾಳೆ. ಇಬ್ಬರ ಮುಖಗಳು ಒಂದರ ಮೇಲೊಂದು ಕೂಡಿಕೊಂಡು, ಆಗಾಗ ತಪ್ಪಿಹೋಗುತ್ತಾ ಮಿಣುಕುತ್ತವೆ. ಬೆಳಗಾಗುತ್ತದೆ. ಕೆಲಸ ಮುಗಿಯಿತು, ಇನ್ನು ಹೊರಡು ಎಂಬ ದನಿಯಲ್ಲಿ ಜಾಯ್ ಅವಳನ್ನು ಸಾಗಹಾಕುತ್ತಾಳೆ. ಮರಿಯೆಟ್ ತಿರುಗಿ, ನಾನು ನಿನ್ನೊಳಗೆ ಇದ್ದು ಬಂದವಳು, ಅಲ್ಲಿ ನೀನು ಎಂದುಕೊಂಡಷ್ಟೇನೂ ಇಲ್ಲ ಎಂಬರ್ಥದ ಮಾತು ಹೇಳುತ್ತಾಳೆ. ದುಡಿಯುವವಳು ತನ್ನ ಬದಲಿಗೆ ಬಂದ ಯಂತ್ರದ ಬಗ್ಗೆ, ಅದರೊಳಗೆ ಹೊಕ್ಕು ನೋಡಿ ಕೊಟ್ಟ ತೀರ್ಪು ಅದು. ಹೊರಡುವ ಮೊದಲು ನಾಯಕನ ಕೋಟಿನ ಜೇಬಿಗೆ ಅವನ ಜಾಡು ಹಿಡಿಯುವ ಸಣ್ಣ ಉಪಕರಣವೊಂದನ್ನು ಸದ್ದಿಲ್ಲದೆ ಇಳಿಬಿಡುತ್ತಾಳೆ. ಅವಳು ಗುಲಾಮರ ಗುಪ್ತ ಬಂಡಾಯದವಳು ಎಂಬುದು ನಮಗೆ ಗೊತ್ತಾಗುವುದು ಬಹಳ ಹೊತ್ತಿನ ನಂತರ.